ಬೈಬಲ್ ವಂಶಾವಳಿಗಳು

ಬೈಬಲ್ ವಂಶಾವಳಿ ಎಂದರೆ ಯೆಹೂದ್ಯರ ಮತ್ತು ಕ್ರೈಸ್ತರ ಪವಿತ್ರಗ್ರಂಥಗಳಲ್ಲಿ ಒಬ್ಬ ವ್ಯಕ್ತಿಯ, ಮನೆತನದ, ಕುಲದ ಅಥವಾ ಜನಾಂಗದ ಹುಟ್ಟನ್ನು ತಲೆಮಾರಿನಿಂದ ತಲೆಮಾರಿಗೆ ಹೆಸರು ಹಿಡಿದು ಹೇಳುವ ಪಟ್ಟಿ. ಇಂಥ ಪಟ್ಟಿಗಳು ಹಳೆಯ ಒಡಂಬಡಿಕೆಯ ಆದಿಕಾಂಡ, ವಿಮೋಚನಕಾಂಡ, ಅರಣ್ಯಕಾಂಡ, ರೂತಳು, ಪೂರ್ವಕಾಲವೃತ್ತಾಂತ, ಎಜ್ರ ಮತ್ತು ನೆಹೆಮೀಯ ಗ್ರಂಥಗಳಲ್ಲಿವೆ. ಹೊಸ ಒಡಂಬಡಿಕೆಯಲ್ಲಿ ಮತ್ತಾಯ ಹಾಗೂ ಲೂಕರ ಸುವಾರ್ತೆಗಳಲ್ಲಿವೆ. ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವ ಪುಟಗಳು ಇವು. ಆದರೂ ಯಾರು ನಮ್ಮವರು, ಯಾರಿಗೆ ಹಕ್ಕುಂಟು, ದೇವರ ಜನ ಎಂದರೆ ಯಾರು ಎಂಬ ಪ್ರಶ್ನೆಗಳನ್ನು ಬೈಬಲ್ ಹೆಸರು ಹೆಸರಾಗಿ ಬಿಡಿಸುವುದು ಇಲ್ಲಿಯೇ. ರಕ್ತಸಂಬಂಧವನ್ನು ದಾಖಲಿಸಲು ಹುಟ್ಟಿದ ಈ ಪಟ್ಟಿಗಳು ರಕ್ತಸಂಬಂಧವಿಲ್ಲದವರನ್ನೂ ಮತ್ತೆ ಮತ್ತೆ ಒಳಗೆ ಬಿಟ್ಟುಕೊಂಡಿವೆ. ಹೊಸ ಒಡಂಬಡಿಕೆಯ 'ದೇವರ ಮನೆಯವರು' ಎಂಬ ಕಲ್ಪನೆ ಬೆಳೆದದ್ದು ಈ ನೆಲದ ಮೇಲೆ.

ಪದಗಳು

ಹೀಬ್ರೂ ಭಾಷೆಯಲ್ಲಿ ಇದಕ್ಕಿರುವ ಹಳೆಯ ಪದ 'ತೋಲೆದೋತ್'. 'ಹೆರು, ಹುಟ್ಟಿಸು' ಎಂಬ ಅರ್ಥದ ಧಾತುವಿನಿಂದ ಬಂದದ್ದು. ಆದಿಕಾಂಡದಲ್ಲಿ ಈ ಪದವಿರುವ ಶೀರ್ಷಿಕೆ 11 ಸಲ ಬರುತ್ತದೆ. ಏಸಾವನದು ಎರಡು ಸಲ ಬಂದಿರುವುದರಿಂದ ಗ್ರಂಥದ ಭಾಗಗಳು ಹತ್ತು ಎಂದು ಎಣಿಸುವುದು ವಾಡಿಕೆ. ಮೊದಲನೆಯ ತೋಲೆದೋತ್ ಯಾವ ಮನುಷ್ಯನದೂ ಅಲ್ಲ, ಆಕಾಶ ಮತ್ತು ಭೂಮಿಯದು (ಆದಿಕಾಂಡ 2:4). ಹಾಗಾಗಿ ಪದದ ವ್ಯಾಪ್ತಿ ವಂಶಕ್ಕಿಂತ ದೊಡ್ಡದು: ಹುಟ್ಟು ಮತ್ತು ಆ ಹುಟ್ಟಿನ ಮುಂದಿನ ಕಥೆ ಎರಡೂ ಅದರೊಳಗೆ ಸೇರುತ್ತವೆ. ಬಾಬೆಲಿನ ಸೆರೆಯ ನಂತರದ ಗ್ರಂಥಗಳಲ್ಲಿ 'ಯಹಸ್' ಎಂಬ ಇನ್ನೊಂದು ಪದ ಬಳಕೆಗೆ ಬಂತು. ಅದರ ಅರ್ಥ ಹೆಚ್ಚು ಆಡಳಿತದ್ದು, ದಾಖಲೆಯಲ್ಲಿ ಹೆಸರು ಬರೆಸುವುದು. ಗ್ರೀಕಿನ 'ಗೆನೆಅಲೊಗಿಯ' ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಇದೆ (1 ತಿಮೊಥೆಯ 1:4, ತೀತ 3:9). ಎರಡೂ ಕಡೆ ಕೊನೆಯಿಲ್ಲದ ವಂಶಾವಳಿಯ ಜಗಳಗಳಲ್ಲಿ ಕಾಲ ಕಳೆಯಬೇಡಿರಿ ಎಂಬ ಎಚ್ಚರಿಕೆಯೊಂದಿಗೆ ಬಂದಿದೆ.

ಈ ಲೇಖನದಲ್ಲಿ ಕನ್ನಡ ಬೈಬಲಿನ ರೂಢಿಯಂತೆ ಇಸ್ರಾಯೇಲಿನ ಹನ್ನೆರಡು ವಿಭಾಗಗಳಿಗೆ 'ಕುಲ' ಎಂದೂ, ಅದರೊಳಗಿನ ಕವಲಿಗೆ 'ಗೋತ್ರ' ಎಂದೂ, ಒಬ್ಬ ಹಿರಿಯನ ಕೆಳಗಿನ ಸಂಸಾರಗಳ ಗುಂಪಿಗೆ 'ಮನೆತನ' ಎಂದೂ ಹೇಳಿದೆ. ಈ ಮೂರರ ಸಂಬಂಧ ಯೆಹೋಶುವ 7ರಲ್ಲಿ ಸ್ಪಷ್ಟವಾಗುತ್ತದೆ. ಕದ್ದ ಮಾಲನ್ನು ಬಚ್ಚಿಟ್ಟವನಾರೆಂದು ಚೀಟು ಹಾಕಿ ಹುಡುಕುವಾಗ ಮೊದಲು ಯೆಹೂದ ಕುಲ ಸಿಕ್ಕಿಬೀಳುತ್ತದೆ, ಆಮೇಲೆ ಜೆರಹನ ಗೋತ್ರ, ಆಮೇಲೆ ಜಬ್ದಿಯ ಮನೆತನ, ಕೊನೆಗೆ ಆಕಾನ. ಇಲ್ಲಿಯ 'ಗೋತ್ರ' ನಮ್ಮ ಋಷಿಗೋತ್ರವಲ್ಲ ಎಂಬುದನ್ನು ಕನ್ನಡ ಓದುಗರು ಗಮನಿಸಬೇಕು. ಸಗೋತ್ರ ವಿವಾಹದ ನಿಷೇಧ ಅಲ್ಲಿಲ್ಲ. ಆಸ್ತಿಗೆ ಬಾಧ್ಯರಾದ ಹೆಣ್ಣುಮಕ್ಕಳು ತಂದೆಯ ಕುಲದೊಳಗೇ ಮದುವೆಯಾಗಬೇಕೆಂಬ ಕಟ್ಟಳೆಯೇ ಇದೆ (ಅರಣ್ಯಕಾಂಡ 36).

ಉಗಮ ಮತ್ತು ಹಿನ್ನೆಲೆ

ಹೆಸರುಗಳನ್ನು ಸಾಲಾಗಿ ಜೋಡಿಸುವ ಪದ್ಧತಿ ಇಸ್ರಾಯೇಲ್ಯರಿಗಿಂತ ಬಹಳ ಹಿಂದಿನದು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಪೂ. 1800ರ ಸುಮಾರಿನ ಸುಟ್ಟ ಮಣ್ಣಿನ ಪಟ್ಟಕವೊಂದರ ಮೇಲೆ ಸುಮೇರಿಯನ್ ಅರಸರ ಪಟ್ಟಿಯಿದೆ. ಜಲಪ್ರಳಯಕ್ಕೆ ಮುಂಚೆ ಎಂಟು ಅರಸರು ಒಟ್ಟು 2,41,200 ವರ್ಷ ಆಳಿದರೆಂದು ಅದು ಹೇಳುತ್ತದೆ. ಆದಿಕಾಂಡ 5ರ ದೀರ್ಘಾಯುಷ್ಯಗಳನ್ನು ಇದರ ಪಕ್ಕದಲ್ಲಿಟ್ಟು ನೋಡುವುದುಂಟು, ಮೆತೂಷೆಲಹನ 969 ವರ್ಷ ಇದರ ಮುಂದೆ ಅಲ್ಪ. ಆದರೆ ಅಂಕಿಗಳಿಗಿಂತ ಮುಖ್ಯವಾದ ಭೇದ ಬೇರೆಯಿದೆ. ಸುಮೇರಿಯನ್ ಪಟ್ಟಿ ಸಿಂಹಾಸನ ಊರಿಂದ ಊರಿಗೆ ಹೋದದ್ದನ್ನು ಬರೆಯುತ್ತದೆ. ಆದಿಕಾಂಡದ ಪಟ್ಟಿಯಲ್ಲಿ ಅರಸರಿಲ್ಲ, ತಂದೆ ಮತ್ತು ಮಕ್ಕಳಿದ್ದಾರೆ. ಬಾಬಿಲೋನಿನ ಹಮ್ಮುರಬಿಯ ಮನೆತನದ ವಂಶಾವಳಿಯೊಂದು 1966ರಲ್ಲಿ ಪ್ರಕಟವಾಯಿತು. ಅದು ಸತ್ತ ಹಿರಿಯರಿಗೆ ಎಡೆಯಿಡುವಾಗ ಅವರ ಹೆಸರುಗಳನ್ನು ಕೂಗಿ ಕರೆಯಲು ಬಳಸಿದ ಪಠ್ಯ. ಬೈಬಲಿನ ವಂಶಾವಳಿಗಳಲ್ಲಿ ಹಿರಿಯರಿಗೆ ಎಡೆಯಿಡುವ ಮಾತಿಲ್ಲ.

ಬಾಯಿಮಾತಿನ ವಂಶಾವಳಿಗಳ ಅಧ್ಯಯನವೂ ಈ ಪಟ್ಟಿಗಳನ್ನು ಅರ್ಥಮಾಡಿಕೊಳ್ಳಲು ನೆರವಾಗಿದೆ. ನೈಜೀರಿಯದ ಟಿವ್ ಜನರ ವಂಶಾವಳಿಗಳನ್ನು ಬ್ರಿಟಿಷ್ ಅಧಿಕಾರಿಗಳು ನ್ಯಾಯಾಲಯದ ಉಪಯೋಗಕ್ಕಾಗಿ ಬರೆದಿಟ್ಟಿದ್ದರು. ಸುಮಾರು ನಾಲ್ಕು ದಶಕಗಳ ನಂತರ ಟಿವ್ ಹಿರಿಯರು ಆ ಬರಹ ತಪ್ಪೆಂದು ವಾದಿಸಿದರು. ಈ ನಡುವೆ ಗುಂಪುಗಳ ಸಂಬಂಧ ಬದಲಾಗಿತ್ತು, ಅದಕ್ಕೆ ತಕ್ಕಂತೆ ನೆನಪಿನ ವಂಶಾವಳಿಯೂ ಬದಲಾಗಿತ್ತು. ಲಾರಾ ಬೊಹಾನನ್ 1952ರಲ್ಲಿ ಇದನ್ನು ವಿವರಿಸಿದರು. ರಾಬರ್ಟ್ ವಿಲ್ಸನ್ 1977ರ ತಮ್ಮ ಗ್ರಂಥದಲ್ಲಿ ಇಂಥ ಅಧ್ಯಯನಗಳನ್ನು ಬೈಬಲಿಗೆ ಅನ್ವಯಿಸಿ, ವಂಶಾವಳಿ ಇರುವುದು ಜೀವಶಾಸ್ತ್ರದ ದಾಖಲೆಗಾಗಿ ಅಲ್ಲ, ಈಗಿನ ಸಂಬಂಧ, ಅಧಿಕಾರ ಮತ್ತು ಹಕ್ಕುಗಳನ್ನು ಹೇಳುವುದಕ್ಕಾಗಿ ಎಂದು ತೋರಿಸಿದರು. ಕರ್ನಾಟಕದಲ್ಲಿ ಊರಿಂದೂರಿಗೆ ಬಂದು ಮನೆತನಗಳ ವಂಶಾವಳಿ ಹೇಳುವ ಹೆಳವರನ್ನು ಕಂಡವರಿಗೆ ಈ ಮಾತು ಹೊಸದೆನಿಸದು.

ರಚನೆ

ಆದಿಕಾಂಡ 5 ಅಚ್ಚಿನಲ್ಲಿ ಎರಕ ಹೊಯ್ದಂತಿದೆ. ಇಂತಿಷ್ಟು ವರ್ಷದವನಾದಾಗ ಇಂಥ ಮಗನನ್ನು ಪಡೆದನು. ಆಮೇಲೆ ಇಷ್ಟು ವರ್ಷ ಬದುಕಿ ಗಂಡುಹೆಣ್ಣು ಮಕ್ಕಳನ್ನು ಪಡೆದನು. ಒಟ್ಟು ಇಷ್ಟು ವರ್ಷ ಬಾಳಿ ಸತ್ತನು ಎಂಬ ಮೂರು ವಾಕ್ಯಗಳ ಅಚ್ಚು ಆದಾಮನಿಂದ ಮುಂದಕ್ಕೆ ತಿರುತಿರುಗಿ ಬರುತ್ತದೆ. ಸಾವಿನ ಮಾತು ಗಂಟೆ ಬಡಿದಂತೆ ಎಂಟು ಸಲ ಕೇಳಿಸುತ್ತದೆ. ಏಳನೆಯವನಾದ ಹನೋಕನಲ್ಲಿ ಮಾತ್ರ ಅಚ್ಚು ಒಡೆಯುತ್ತದೆ: 365 ವರ್ಷ ಬದುಕಿದವನು ಸತ್ತನೆಂದು ಹೇಳದೆ, ದೇವರೊಂದಿಗೆ ನಡೆದವನನ್ನು ದೇವರು ಕರೆದುಕೊಂಡನೆಂದು ಹೇಳಿದೆ. ಬೈಬಲ್ ವಂಶಾವಳಿಯ ಕಲೆ ಇರುವುದು ಇಂಥಲ್ಲಿ. ಪಟ್ಟಿ ಒಂದೇ ಸಮನೆ ಸಾಗುವಾಗ ಯಾವ ಹೆಸರಿನ ಬಳಿ ಅದು ನಿಂತು ಒಂದು ಮಾತು ಹೆಚ್ಚು ಆಡುತ್ತದೋ ಅಲ್ಲಿ ಬರೆದವರ ಮನಸ್ಸು ಕಾಣುತ್ತದೆ.

ಸಂಖ್ಯೆಗಳಿಗೂ ಪಾತ್ರವಿದೆ. ಆದಾಮನಿಂದ ನೋಹನವರೆಗೆ ಹತ್ತು ತಲೆಮಾರು, ಶೇಮನಿಂದ ಅಬ್ರಾಮನವರೆಗೆ ಮತ್ತೆ ಹತ್ತು, ಪೆರೆಚನಿಂದ ದಾವೀದನವರೆಗೆ ಇನ್ನೂ ಹತ್ತು (ರೂತಳು 4:18–22). ಆದಿಕಾಂಡ 10ರ ಜನಾಂಗಗಳ ಪಟ್ಟಿಯಲ್ಲಿ 70 ಹೆಸರು. ಹೀಬ್ರೂವಿನ 'ಬೆನ್' ಎಂದರೆ ಮಗನೂ ಹೌದು, ಮೊಮ್ಮಗನೂ ಹೌದು, ದೂರದ ಸಂತತಿಯೂ ಹೌದು. ಆದ್ದರಿಂದ ನಡುವಿನ ಕೊಂಡಿಗಳು ಬಿಟ್ಟುಹೋಗುವುದು ಸಹಜ. ಲೇವಿಯಿಂದ ಮೋಶೆಗೆ ನಾಲ್ಕೇ ಹೆಸರು, ಅದೇ ಕಾಲದ ಯೆಹೋಶುವನಿಗೆ ಎಫ್ರಾಯೀಮನಿಂದ ಸುಮಾರು ಹತ್ತು. 'ತಂದೆ' ಎಂಬ ಪದವೂ ಹಾಗೆಯೇ: ಬೇತ್ಲೆಹೇಮಿನ ತಂದೆ ಎಂದರೆ ಆ ಊರನ್ನು ಕಟ್ಟಿದವನು.

ಪ್ರಕಾರಗಳು

ಒಂದೇ ಎಳೆಯಾಗಿ ತಂದೆಯಿಂದ ಮಗನಿಗೆ ಇಳಿಯುವುದು ಸರಳ ವಂಶಾವಳಿ. ಒಬ್ಬ ತಂದೆಯ ಹಲವು ಮಕ್ಕಳನ್ನು ಹೇಳಿ ಪ್ರತಿಯೊಬ್ಬನ ಸಂತತಿಯನ್ನು ಹರಡಿ ತೋರಿಸುವುದು ಕವಲು ವಂಶಾವಳಿ. ಮೊದಲನೆಯದು ಪಟ್ಟದ ಅಥವಾ ಯಾಜಕತ್ವದ ಹಕ್ಕನ್ನು ಸಾಧಿಸುತ್ತದೆ. ಎರಡನೆಯದು ಅಣ್ಣತಮ್ಮಂದಿರ ನಡುವಿನ ಹತ್ತಿರ ದೂರಗಳನ್ನು ಹೇಳುತ್ತದೆ. ಯಾಕೋಬನ ಹನ್ನೆರಡು ಮಕ್ಕಳನ್ನು ಲೇಯ, ರಾಹೇಲ್, ಬಿಲ್ಹ, ಜಿಲ್ಪ ಎಂಬ ನಾಲ್ವರು ತಾಯಂದಿರ ಕೆಳಗೆ ವಿಂಗಡಿಸಿರುವುದು ಇದರ ಪ್ರಸಿದ್ಧ ಉದಾಹರಣೆ. ಎಜ್ರನ ಮತ್ತು ಲೂಕನ ಪಟ್ಟಿಗಳು ಮಗನಿಂದ ತಂದೆಯತ್ತ ಮೇಲಕ್ಕೇರುತ್ತವೆ.

ಪೂರ್ವಕಾಲವೃತ್ತಾಂತದ ಒಂಬತ್ತು ಅಧ್ಯಾಯಗಳು

ಬೈಬಲಿನ ಅತಿ ದೊಡ್ಡ ವಂಶಾವಳಿ ಮೊದಲನೆಯ ಪೂರ್ವಕಾಲವೃತ್ತಾಂತದ 1ರಿಂದ 9ನೆಯ ಅಧ್ಯಾಯದವರೆಗೆ ಹರಡಿದೆ. ಇದು ಪಾರಸಿಯರ ಆಳ್ವಿಕೆಯ ಕಾಲದ್ದು, ಬಹುಶಃ ಕ್ರಿ.ಪೂ. 4ನೆಯ ಶತಮಾನದ್ದು. ಕ್ರಿಯಾಪದವೇ ಇಲ್ಲದ 13 ಹೆಸರುಗಳಿಂದ ಇದು ತೊಡಗುತ್ತದೆ: ಆದಾಮ, ಸೇತ, ಎನೋಷ್ ಎಂದು ಮೊದಲಾಗಿ ನೋಹನ ಮಕ್ಕಳವರೆಗೆ. ರಾಜ್ಯ ಕಳೆದುಕೊಂಡು, ದೇವಾಲಯ ಸುಟ್ಟುಹೋಗಿ, ಸೆರೆಯಿಂದ ಮರಳಿದ ಸಣ್ಣ ಜನಾಂಗವೊಂದು ತನ್ನ ಕಥೆಯನ್ನು ಇಡೀ ಮನುಕುಲದ ಮೊದಲ ಹೆಸರಿನಿಂದ ಆರಂಭಿಸುತ್ತದೆ. ಇದರಲ್ಲಿ ಯೆಹೂದ ಕುಲಕ್ಕೆ 100 ವಚನಗಳು, ಲೇವಿ ಕುಲಕ್ಕೆ 81. ದಾನ್ ಮತ್ತು ಜೆಬುಲೂನ್ ಕುಲಗಳಿಗೆ ಸ್ವಂತ ಪಟ್ಟಿಯೇ ಇಲ್ಲ.

ಒಣಪಟ್ಟಿಯೆಂದು ತೋರುವ ಇದರ ನಡುವೆ ನಾರುಬಟ್ಟೆ ನೇಯುವವರ ಮನೆಗಳೂ, ಅರಸನ ಕೆಲಸಕ್ಕಾಗಿ ನೆಲೆನಿಂತ ಕುಂಬಾರರೂ ಇದ್ದಾರೆ (4:21–23). ಹೆರುವಾಗ ತಾಯಿ ಪಟ್ಟ ನೋವನ್ನೇ ಹೆಸರಾಗಿ ಹೊತ್ತ ಯಾಬೇಚನೂ, ಊರುಗಳನ್ನು ಕಟ್ಟಿಸಿದ ಶೇರಳೆಂಬ ಹೆಣ್ಣುಮಗಳೂ ಇದ್ದಾರೆ. ಶೇಷಾನನ ಪ್ರಸಂಗ (2:34–41) ವಿಶೇಷವಾಗಿ ಗಮನಾರ್ಹ. ಅವನಿಗೆ ಗಂಡುಮಕ್ಕಳಿಲ್ಲ, ಹೆಣ್ಣುಮಕ್ಕಳಷ್ಟೇ. ಮನೆಯಲ್ಲಿ ಯರ್ಹನೆಂಬ ಐಗುಪ್ತ ದೇಶದ ಆಳು ಇದ್ದ. ಶೇಷಾನನು ಮಗಳನ್ನು ಆ ಆಳಿಗೇ ಮದುವೆ ಮಾಡಿಕೊಟ್ಟನು. ಅವರ ಮಗ ಅತ್ತೈ. ಅಲ್ಲಿಂದ ಎಲೀಷಾಮನವರೆಗೆ 13 ಹೆಸರುಗಳು ಯೆಹೂದ ಕುಲದ ನಡುಮಧ್ಯದಲ್ಲಿ ಯಾವ ಅಡ್ಡಿಯೂ ಇಲ್ಲದೆ ಸಾಗುತ್ತವೆ. ಐಗುಪ್ತದಲ್ಲಿ ಆಳಾಗಿದ್ದ ಜನ ತಮ್ಮ ಮನೆಯ ಐಗುಪ್ತ ಆಳನ್ನು ತಮ್ಮ ವಂಶದ ಕೊಂಡಿಯಾಗಿ ಬರೆದುಕೊಂಡಿದ್ದಾರೆ.

ಕಾಲೇಬನ ವಿಷಯವೂ ಇಂಥದೇ. ಅರಣ್ಯಕಾಂಡ ಮತ್ತು ಯೆಹೋಶುವ ಗ್ರಂಥಗಳು ಅವನನ್ನು ಕೆನಿಜ್ಜೀಯನೆನ್ನುತ್ತವೆ. ಕೆನಜನ ಹೆಸರು ಏಸಾವನ ಸಂತತಿಯಲ್ಲಿ ಬರುತ್ತದೆ. ಪೂರ್ವಕಾಲವೃತ್ತಾಂತದಲ್ಲಿ ಕಾಲೇಬನು ಯೆಹೂದ ಕುಲದವನು. ಸಮುವೇಲನ ತಂದೆ ಒಂದೆಡೆ ಎಫ್ರಾಯೀಮ್ ಸೀಮೆಯವನು (1 ಸಮುವೇಲ 1:1), ಇನ್ನೊಂದೆಡೆ ಲೇವಿಯ ಸಂತತಿ. ಹೊರಗಿನವರು ಒಳಗಿನವರಾದ ಹಾದಿಯನ್ನು ವಿದ್ವಾಂಸರು ಇಂಥ ವ್ಯತ್ಯಾಸಗಳಲ್ಲಿ ಕಾಣುತ್ತಾರೆ. ಪೂರ್ವಕಾಲವೃತ್ತಾಂತದಲ್ಲಿ ಸೌಲನ ವಂಶದ ಆಚೇಲನ ಹೆಸರು ಎರಡು ಕಡೆ ಬರುತ್ತದೆ; ಆ ಎರಡರ ನಡುವಿನ ಭಾಗಕ್ಕೆ 400 ಒಂಟೆಗಳ ಹೊರೆಯಷ್ಟು ವ್ಯಾಖ್ಯಾನವಿತ್ತೆಂದು ಬಾಬಿಲೋನಿನ ತಾಲ್ಮೂದ್ ಹೇಳುತ್ತದೆ.

ಹೆಸರು ಸಿಗದವರು

ವಂಶಾವಳಿಯ ಬಿಗಿ ಎಷ್ಟಿತ್ತೆಂಬುದು ಎಜ್ರ 2ರಲ್ಲಿ ತಿಳಿಯುತ್ತದೆ. ಬಾಬೆಲಿನಿಂದ ಮರಳಿದ 42,360 ಜನರಲ್ಲಿ 652 ಜನ ತಾವು ಇಸ್ರಾಯೇಲ್ಯರೆಂದು ತೋರಿಸಲಾರದೆ ಹೋದರು. ನೆಹೆಮೀಯನ ಪಾಠದಲ್ಲಿ ಇವರ ಸಂಖ್ಯೆ 642. ಯಾಜಕರಲ್ಲಿ ಹಬಯ್ಯ, ಹಕ್ಕೋಚ್, ಬರ್ಜಿಲ್ಲೈ ಎಂಬ ಮೂರು ಮನೆತನಗಳವರು ತಮ್ಮ ಹೆಸರನ್ನು ದಾಖಲೆಯಲ್ಲಿ ಹುಡುಕಿದರು, ಸಿಗಲಿಲ್ಲ. ಬರ್ಜಿಲ್ಲೈ ಮನೆತನದ ಮೂಲಪುರುಷ ಗಿಲ್ಯಾದಿನ ಬರ್ಜಿಲ್ಲೈಯ ಮಗಳನ್ನು ಮದುವೆಯಾಗಿ ಹೆಂಡತಿಯ ಕಡೆಯ ಹೆಸರನ್ನೇ ಇಟ್ಟುಕೊಂಡಿದ್ದನು. ಊರೀಮ್ ತುಮ್ಮೀಮ್‌ಗಳ ಮೂಲಕ ದೇವರ ತೀರ್ಪು ತಿಳಿಸಬಲ್ಲ ಯಾಜಕನು ಬರುವ ತನಕ ಈ ಮೂರೂ ಮನೆತನದವರು ಮಹಾಪರಿಶುದ್ಧ ಪದಾರ್ಥಗಳನ್ನು ಉಣ್ಣಬಾರದೆಂದು ಅಧಿಪತಿ ಆಜ್ಞಾಪಿಸಿದನು.

ಮುಂದಿನ ಪುಟಗಳಲ್ಲಿ ಹಕ್ಕೋಚನ ಮೊಮ್ಮಗನೂ ಊರೀಯನ ಮಗನೂ ಆದ ಮೆರೇಮೋತನು ಯೆರೂಸಲೇಮಿನ ಗೋಡೆ ಕಟ್ಟುತ್ತಾನೆ (ನೆಹೆಮೀಯ 3:4). ಎಜ್ರ 8:33ರಲ್ಲಿ ಇದೇ ಹೆಸರಿನವನು ದೇವಾಲಯದ ಬೆಳ್ಳಿ ಬಂಗಾರವನ್ನು ತೂಗಿ ತೆಗೆದುಕೊಳ್ಳುವ ಯಾಜಕನಾಗಿದ್ದಾನೆ. ಪೂರ್ವಕಾಲವೃತ್ತಾಂತದ 24 ಯಾಜಕ ವರ್ಗಗಳಲ್ಲಿ ಹಕ್ಕೋಚ್ ಏಳನೆಯದು. ತಡೆಹಿಡಿದ ಮನೆತನವನ್ನು ಮುಂದೆ ಒಪ್ಪಿಕೊಂಡಿರಬೇಕೆಂದು ಇದರಿಂದ ಊಹಿಸುತ್ತಾರೆ.

ಯಾಜಕರ ವಂಶದಾಖಲೆಗಳನ್ನು ಜೋಪಾನವಾಗಿಡುವ ಪದ್ಧತಿ ಕ್ರಿ.ಶ. 1ನೆಯ ಶತಮಾನದವರೆಗೂ ಇದ್ದುದನ್ನು ಇತಿಹಾಸಕಾರ ಜೋಸೆಫಸ್ ಹೇಳಿದ್ದಾನೆ. ಬಾಬೆಲಿನಿಂದ ಬಂದವರನ್ನು ಯೆಹೂದ್ಯರ ಧರ್ಮಸಂಹಿತೆಯಾದ ಮಿಷ್ನಾ ಹತ್ತು ವಂಶವರ್ಗಗಳಾಗಿ ವಿಂಗಡಿಸಿ ಯಾರು ಯಾರನ್ನು ಮದುವೆಯಾಗಬಹುದೆಂದು ನಿಗದಿ ಮಾಡಿತು.

ಮತ್ತಾಯನ ಪಟ್ಟಿ

ಹೊಸ ಒಡಂಬಡಿಕೆಯ ಮೊದಲ ಪುಟವೇ ವಂಶಾವಳಿ. ಅದರ ಮೊದಲ ಎರಡು ಗ್ರೀಕ್ ಪದಗಳು ಆದಿಕಾಂಡದ ಗ್ರೀಕ್ ಅನುವಾದದಿಂದ (2:4, 5:1) ಬಂದವು. ಮತ್ತಾಯನು ಅಬ್ರಹಾಮನಿಂದ ದಾವೀದನಿಗೆ, ದಾವೀದನಿಂದ ಬಾಬೆಲಿನ ಸೆರೆಗೆ, ಸೆರೆಯಿಂದ ಕ್ರಿಸ್ತನಿಗೆ ಹದಿನಾಲ್ಕು ಹದಿನಾಲ್ಕು ತಲೆಮಾರು ಎಂದು ಮೂರು ಮೆಟ್ಟಿಲು ಕಟ್ಟುತ್ತಾನೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಮೌಲ್ಯವಿದ್ದು, ದಾವೀದ ಎಂಬ ಹೆಸರಿನ ಮೂರು ಅಕ್ಷರಗಳು 4, 6, 4 ಸೇರಿ 14 ಆಗುತ್ತದೆ. ಪಟ್ಟಿಯಲ್ಲೂ ದಾವೀದನು 14ನೆಯವನು. ಈ ಲೆಕ್ಕಕ್ಕಾಗಿ ಯೋರಾಮನ ಮತ್ತು ಉಜ್ಜೀಯನ ನಡುವಿನ ಮೂವರು ಅರಸರನ್ನು ಬಿಡಲಾಗಿದೆ. ಮೂರನೆಯ ಗುಂಪಿನಲ್ಲಿ ಎಣಿಸಿದರೆ ಹೊಸ ಹೆಸರುಗಳು ಹದಿಮೂರೇ. ಈ ಕೊರತೆಗೆ ಎಲ್ಲರೂ ಒಪ್ಪುವ ಪರಿಹಾರ ಈವರೆಗೆ ಸಿಕ್ಕಿಲ್ಲ.

ಪಟ್ಟಿಯ ಹೃದಯವಿರುವುದು ಅದರ ನಾಲ್ವರು ಸ್ತ್ರೀಯರಲ್ಲಿ. ಸಾರಾ, ರೆಬೆಕ್ಕ, ರಾಹೇಲರಂಥ ಮೂಲಮಾತೆಯರು ಇಲ್ಲಿಲ್ಲ, ತಾಮಾರ್, ರಾಹಾಬ್, ರೂತ್ ಮತ್ತು ಊರೀಯನ ಹೆಂಡತಿ ಇದ್ದಾರೆ. ತಾಮಾರಳು ಗಂಡ ಸತ್ತ ಮೇಲೆ ಅವನ ತಮ್ಮನಿಂದ ಸಂತಾನ ಪಡೆಯುವ ಮೈದುನಧರ್ಮದ ಹಕ್ಕು ಸಿಗದೆ, ಮುಸುಕು ಹಾಕಿಕೊಂಡು ದಾರಿಯಲ್ಲಿ ಕುಳಿತು ಮಾವನಾದ ಯೆಹೂದನಿಂದಲೇ ಬಸುರಾದಳು. ಒತ್ತೆಯಾಗಿ ಪಡೆದ ಅವನ ಮುದ್ರೆ, ದಾರ, ಕೋಲುಗಳನ್ನು ಮುಂದಿಟ್ಟಾಗ ಯೆಹೂದನು ತನಗಿಂತ ಅವಳೇ ನೀತಿವಂತಳೆಂದು ಒಪ್ಪಿದನು (ಆದಿಕಾಂಡ 38). ರಾಹಾಬಳು ಯೆರಿಕೋವಿನ ವೇಶ್ಯೆ. ರೂತಳು ಮೋವಾಬಿನವಳು, ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ಯೆಹೋವನ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡ 23ರ ಕಟ್ಟಳೆ. ಬತ್ಷೆಬೆಯನ್ನು ಅವಳ ಹೆಸರಿನಿಂದ ಕರೆಯದೆ ಊರೀಯನ ಹೆಂಡತಿ ಎಂದೇ ಬರೆದಿರುವುದರಿಂದ, ದಾವೀದನು ಕೊಲ್ಲಿಸಿದ ಆ ಹಿತ್ತಿಯನ ಹೆಸರು ದಾವೀದನ ವಂಶಾವಳಿಯಲ್ಲೇ ಉಳಿದುಕೊಂಡಿತು.

ಈ ನಾಲ್ವರೇ ಏಕೆ ಎಂಬುದಕ್ಕೆ ಮೂರು ಉತ್ತರಗಳು ಪ್ರಚಲಿತ. ಪಾಪಿಗಳಿಗೂ ರಕ್ಷಣೆಯುಂಟೆಂದು ತೋರಿಸಲು ಎಂದು 4ನೆಯ ಶತಮಾನದ ಜೆರೋಮ್ ಹೇಳಿದನು. ಆದರೆ ರೂತಳ ಮೇಲೆ ಪಾಪ ಹೊರಿಸಲು ಆಧಾರವಿಲ್ಲ, ತಾಮಾರಳನ್ನು ಗ್ರಂಥವೇ ನೀತಿವಂತಳೆಂದಿದೆ. ಆದ್ದರಿಂದ ಈ ವಿವರಣೆ ನಿಲ್ಲುವುದಿಲ್ಲ. ಅವರು ಅನ್ಯಜನಾಂಗದ ನಂಟುಳ್ಳವರು ಎಂಬುದು ಎರಡನೆಯದು. ವಾಡಿಕೆ ಮೀರಿದ ಕೂಡಿಕೆಗಳ ಮೂಲಕ ವಂಶ ಮುಂದುವರಿದದ್ದನ್ನು ತೋರಿಸಿ ಮರಿಯಳ ಪ್ರಸಂಗಕ್ಕೆ ದಾರಿ ಮಾಡುವುದು ಮೂರನೆಯದು. ರೇಮಂಡ್ ಬ್ರೌನ್ 1977ರಲ್ಲಿ ಕ್ರಿಸ್ತಜನನದ ವೃತ್ತಾಂತಗಳನ್ನು ಕುರಿತು ಬರೆದ ದೊಡ್ಡ ಗ್ರಂಥದಲ್ಲಿ ಈ ಮೂರನ್ನೂ ತೂಗಿ ನೋಡಿದ್ದಾರೆ. ಮರಿಯಳ ಬಳಿ ಬಂದಾಗ ವ್ಯಾಕರಣವೇ ಬದಲಾಗುತ್ತದೆ. 39 ಸಲ ಕರ್ತರಿಯಲ್ಲಿ ಬಂದ ಕ್ರಿಯಾಪದ ಕೊನೆಗೆ ಕರ್ಮಣಿಗೆ ತಿರುಗುತ್ತದೆ. ಯೋಸೇಫನು ಯೇಸುವನ್ನು ಪಡೆದನೆಂದು ಹೇಳದೆ, ಮರಿಯಳಲ್ಲಿ ಯೇಸು ಹುಟ್ಟಿದನೆಂದು ಹೇಳಿದೆ. ಹಾಗಾದರೆ ದಾವೀದನ ವಂಶ ಯೇಸುವಿಗೆ ಬಂದದ್ದು ಹೇಗೆ? ಯೋಸೇಫನು ಮಗುವಿಗೆ ಹೆಸರಿಟ್ಟು ತನ್ನದೆಂದು ಒಪ್ಪಿಕೊಂಡದ್ದರಿಂದ. ದತ್ತುಭಾವ ಈ ಪಟ್ಟಿಯ ಕೊನೆಯ ಕೊಂಡಿ.

ಲೂಕನ ಪಟ್ಟಿ ಮತ್ತು ಎರಡರ ಭೇದ

ಲೂಕನು ವಂಶಾವಳಿಯನ್ನು ಯೇಸುವಿನ ದೀಕ್ಷಾಸ್ನಾನದ ನಂತರ ಇಟ್ಟಿದ್ದಾನೆ (3:23–38). ಪರಲೋಕದಿಂದ ಪ್ರಿಯಮಗನೆಂಬ ವಾಣಿ ಕೇಳಿಬಂದ ಬೆನ್ನಿಗೇ ಪಟ್ಟಿ ಆರಂಭವಾಗಿ, ದಾವೀದನನ್ನೂ ಅಬ್ರಹಾಮನನ್ನೂ ದಾಟಿ, ಆದಾಮನವರೆಗೆ ಏರಿ, ಆದಾಮನನ್ನು ದೇವರ ಮಗನೆಂದು ಕರೆದು ನಿಲ್ಲುತ್ತದೆ. ಇಂದಿನ ಸಂಪಾದಿತ ಗ್ರೀಕ್ ಪಾಠದಲ್ಲಿ ಆದಾಮನಿಂದ ಯೇಸುವಿನವರೆಗೆ 77 ಹೆಸರುಗಳಿವೆ, ಹಸ್ತಪ್ರತಿಗಳಲ್ಲಿ ಏರುಪೇರುಗಳುಂಟು. ಮತ್ತಾಯನದು ಇಸ್ರಾಯೇಲಿನ ರಾಜಮಾರ್ಗ, ಲೂಕನದು ಮನುಕುಲದ ಹಾದಿ.

ದಾವೀದನ ನಂತರ ಇಬ್ಬರೂ ಬೇರೆಯಾಗುತ್ತಾರೆ. ಒಬ್ಬನು ಸೊಲೊಮೋನನ ಕವಲನ್ನು, ಇನ್ನೊಬ್ಬನು ನಾತಾನನ ಕವಲನ್ನು ಹಿಡಿಯುತ್ತಾನೆ. ಅಲ್ಲಿಂದ ಯೋಸೇಫನವರೆಗೆ ಶೆಯಲ್ತಿಯೇಲ ಮತ್ತು ಜೆರುಬ್ಬಾಬೆಲರು ಮಾತ್ರ ಎರಡರಲ್ಲೂ ಸ್ಪಷ್ಟವಾಗಿ ಸಮಾನ. ಯೋಸೇಫನ ತಂದೆ ಮತ್ತಾಯನಲ್ಲಿ ಯಾಕೋಬ, ಲೂಕನಲ್ಲಿ ಹೇಲಿ. 3ನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಮೈದುನಧರ್ಮವನ್ನು ಆಧಾರವಾಗಿಟ್ಟು ವಿವರಣೆ ಕೊಟ್ಟನು. ಯಾಕೋಬ ಮತ್ತು ಹೇಲಿ ಒಂದೇ ತಾಯಿಯ, ಬೇರೆ ತಂದೆಯರ ಮಕ್ಕಳು. ಹೇಲಿ ಮಕ್ಕಳಿಲ್ಲದೆ ಸತ್ತಾಗ ಯಾಕೋಬನು ಅವನ ಹೆಂಡತಿಯಲ್ಲಿ ಯೋಸೇಫನನ್ನು ಪಡೆದನು. ಹುಟ್ಟಿನಿಂದ ಯಾಕೋಬನ ಮಗ, ಧರ್ಮದಿಂದ ಹೇಲಿಯ ಮಗ. ಲೂಕನದು ಮರಿಯಳ ವಂಶಾವಳಿ ಎಂಬ ವಾದವನ್ನು 15ನೆಯ ಶತಮಾನದಲ್ಲಿ ವಿಟರ್ಬೊದ ಆನಿಯಸ್ ಜನಪ್ರಿಯಗೊಳಿಸಿದನು, ಗ್ರೀಕ್ ಪಾಠ ಇದಕ್ಕೆ ಸಲೀಸಾಗಿ ಒಗ್ಗುವುದಿಲ್ಲ. ಎರಡೂ ಪಟ್ಟಿಗಳು ಭಿನ್ನ ಉದ್ದೇಶಗಳಿಂದ ಕಟ್ಟಿದವು ಎಂಬುದು ಇಂದಿನ ಹೆಚ್ಚಿನ ವಿದ್ವಾಂಸರ ನಿಲುವು.

ಯೇಸುವಿನ ಬಂಧುಗಳು ತಮ್ಮ ವಂಶಾವಳಿಯನ್ನು ಕಾಪಾಡಿಕೊಂಡಿದ್ದರೆಂದು ಆಫ್ರಿಕಾನಸ್ ಬರೆದಿದ್ದಾನೆ. ಚಕ್ರವರ್ತಿ ದೊಮಿತಿಯನ್ ದಾವೀದನ ಸಂತತಿಗೆ ಹೆದರಿ ಯೇಸುವಿನ ಸಹೋದರ ಯೂದನ ಮೊಮ್ಮಕ್ಕಳನ್ನು ಕರೆಸಿದಾಗ, ತಮಗಿರುವುದು 9,000 ದೆನಾರಿಯ ಬೆಲೆಯ ಹೊಲವಷ್ಟೇ ಎಂದು ಹೇಳಿ ಅವರು ದುಡಿದು ಜಡ್ಡುಗಟ್ಟಿದ ಕೈಗಳನ್ನು ತೋರಿಸಿದರೆಂದು 2ನೆಯ ಶತಮಾನದ ಹೆಗೆಸಿಪ್ಪಸ್ ಹೇಳಿದ್ದನ್ನು ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ.

ರಕ್ತಸಂಬಂಧದ ಆಚೆ

ವಂಶದ ಹೆಮ್ಮೆಯನ್ನು ಪ್ರಶ್ನಿಸುವ ದನಿ ಬೈಬಲಿನೊಳಗೇ ಇದೆ. ಸಂತಾನವಿಲ್ಲದ ನಪುಂಸಕರಿಗೆ ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ದೇವರು ತನ್ನ ಆಲಯದಲ್ಲಿ ಕೊಡುವನೆಂದು ಯೆಶಾಯ 56 ಹೇಳುತ್ತದೆ. ಸ್ನಾನಿಕ ಯೋಹಾನನು ಅಬ್ರಹಾಮ ನಮ್ಮ ತಂದೆ ಎನ್ನುವವರಿಗೆ, ದೇವರು ಕಲ್ಲುಗಳಿಂದಲೂ ಅಬ್ರಹಾಮನಿಗೆ ಮಕ್ಕಳನ್ನು ಎಬ್ಬಿಸಬಲ್ಲನೆಂದನು. ತಾಯಿಯೂ ತಮ್ಮಂದಿರೂ ಹೊರಗೆ ಕಾಯುತ್ತಿದ್ದಾಗ, ದೇವರ ಚಿತ್ತದಂತೆ ನಡೆಯುವವರೇ ತನ್ನ ತಾಯಿ, ಸಹೋದರ, ಸಹೋದರಿ ಎಂದು ಯೇಸು ಹೇಳಿದ್ದು ಮಾರ್ಕ 3ರಲ್ಲಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯು ತಂದೆ, ತಾಯಿ, ವಂಶಾವಳಿ ಯಾವುದೂ ಗೊತ್ತಿಲ್ಲದ ಮೆಲ್ಕಿಜೆದೇಕನನ್ನು ಲೇವಿ ಯಾಜಕರಿಗಿಂತ ಮೇಲಿಡುತ್ತದೆ.

ಇದಕ್ಕೆ ತಾತ್ವಿಕ ರೂಪ ಕೊಟ್ಟವನು ಪೌಲನು. ತಾನು ಬೆನ್ಯಾಮೀನ್ ಕುಲದವನೆಂಬ ಹೆಮ್ಮೆಯನ್ನು ನಷ್ಟವೆಂದೆಣಿಸಿದ ಅವನು 'ಹುಯಿಯೊಥೆಸಿಯ', ಅಂದರೆ ದತ್ತುಪುತ್ರತ್ವ, ಎಂಬ ಪದವನ್ನು ಆರಿಸಿಕೊಂಡನು. ಇದು ಪೌಲನ ಹೆಸರಿನ ಪತ್ರಿಕೆಗಳಲ್ಲಿ ಐದು ಸಲ ಬರುತ್ತದೆ. ರೋಮನ್ ಕಾನೂನಿನಲ್ಲಿ ದತ್ತು ಬಂದವನಿಗೆ ಹೊಸ ಮನೆಯ ಹೆಸರು ಮತ್ತು ಆಸ್ತಿಯ ಪೂರ್ಣ ಹಕ್ಕು ಸಿಗುತ್ತಿತ್ತು. ಚಕ್ರವರ್ತಿ ಅಗಸ್ಟಸನೇ ಜೂಲಿಯಸ್ ಸೀಸರನ ದತ್ತುಮಗ. ಕ್ರಿಸ್ತನಲ್ಲಿರುವವರು ಅಬ್ರಹಾಮನ ಸಂತತಿ (ಗಲಾತ್ಯ 3:29), ಪರದೇಶಿಗಳಲ್ಲ, ದೇವರ ಮನೆಯವರು (ಎಫೆಸ 2:19) ಎಂಬ ಮಾತುಗಳು ಇದೇ ಸಾಲಿನವು. ಹಾಗೆ ಮಕ್ಕಳಾದವರು ದೇವರನ್ನು 'ಅಬ್ಬಾ' ಎಂದು ಕರೆಯುತ್ತಾರೆ. ಈ ಅರಾಮಿಕ್ ಪದಕ್ಕೂ ಕನ್ನಡದ 'ಅಪ್ಪಾ'ಗೂ ಮೂಲದ ನಂಟಿಲ್ಲ, ಕಿವಿಗೆ ಮಾತ್ರ ಎರಡೂ ಒಂದೇ ಮನೆಯವಾಗಿ ಕೇಳುತ್ತವೆ. ಆದರೂ ಪೌಲನು ಹಳೆಯ ವಂಶವನ್ನು ಅಳಿಸಲಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದ ಎಣ್ಣೆಮರದ ಹೋಲಿಕೆಯಲ್ಲಿ ಅನ್ಯಜನರು ಕಸಿಕಟ್ಟಿದ ಕೊಂಬೆಗಳು. ಬೇರು ಇಸ್ರಾಯೇಲಿನದೇ.

ಯೆಹೂದ್ಯ ಸಂಪ್ರದಾಯವೂ ಇದೇ ಪ್ರಶ್ನೆಯನ್ನು ಎದುರಿಸಿತು. ಮತಾಂತರವಾಗಿ ಬಂದವನು ಪ್ರಾರ್ಥನೆಯಲ್ಲಿ ನಮ್ಮ ಪಿತೃಗಳು ಎನ್ನಬಹುದೇ? ಬೇಡವೆಂದು ಮಿಷ್ನಾದ ಒಂದು ಅಭಿಪ್ರಾಯ. ಓಬದ್ಯನೆಂಬ ಮತಾಂತರಿಗೆ 12ನೆಯ ಶತಮಾನದ ಮೈಮೊನಿಡೀಸ್ ಬರೆದ ಪತ್ರದಲ್ಲಿ, ಅಬ್ರಹಾಮನು ನಿನಗೂ ತಂದೆ, ಮಾತನ್ನು ಬದಲಿಸದೆ ಹಾಗೆಯೇ ಹೇಳು ಎಂಬ ಉತ್ತರವಿದೆ. ಇಂದಿಗೂ ಮತಾಂತರಿಯ ಹೆಸರಿನ ಮುಂದೆ ತಂದೆಯ ಸ್ಥಾನದಲ್ಲಿ ಅಬ್ರಹಾಮನ ಹೆಸರು ಬರೆಯುತ್ತಾರೆ.

ಉಪಯೋಗಗಳು

ವಂಶಾವಳಿಗಳ ವಯಸ್ಸುಗಳನ್ನು ಕೂಡಿ ಜಗತ್ತಿನ ಕಾಲ ಲೆಕ್ಕ ಹಾಕುವ ಪ್ರಯತ್ನ ಬಹಳ ನಡೆದಿದೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಸೃಷ್ಟಿಯ ವರ್ಷ ಕ್ರಿ.ಪೂ. 4004 ಎಂದನು. ಆದರೆ ಪಾಠಗಳೇ ಒಂದಕ್ಕೊಂದು ಹೊಂದುವುದಿಲ್ಲ. ಆದಾಮನಿಂದ ಜಲಪ್ರಳಯಕ್ಕೆ ಹೀಬ್ರೂ ಪಾಠದಲ್ಲಿ 1656 ವರ್ಷ, ಸಮಾರ್ಯದ ಪಾಠದಲ್ಲಿ 1307, ಗ್ರೀಕಿನಲ್ಲಿ 2242. ಪಟ್ಟಿಗಳಲ್ಲಿ ಕೊಂಡಿಗಳು ಬಿಟ್ಟುಹೋಗಿರುವುದರಿಂದ ಅವುಗಳಿಂದ ಕಾಲಗಣನೆ ಸಲ್ಲದೆಂದು ವಿಲಿಯಂ ಹೆನ್ರಿ ಗ್ರೀನ್ 1890ರಲ್ಲಿ ವಾದಿಸಿದರು.

ಕಲೆಯಲ್ಲಿ ಇವುಗಳ ಫಲ ದೊಡ್ಡದು. ದಾವೀದನ ತಂದೆ ಇಷಯನ ಬುಡದಿಂದ ಚಿಗುರು ಒಡೆಯುವುದೆಂಬ ಯೆಶಾಯನ ಪ್ರವಾದನೆಯಿಂದ 'ಇಷಯನ ವೃಕ್ಷ' ಎಂಬ ಚಿತ್ರಪ್ರಕಾರ ಹುಟ್ಟಿತು. ಫ್ರಾನ್ಸಿನ ಸೇಂಟ್ ಡೆನಿಸ್ (ಸು. 1144) ಮತ್ತು ಶಾರ್ತ್ರ್ ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳು ಇದರ ಪ್ರಸಿದ್ಧ ಮಾದರಿಗಳು. ಸು. 800ರ ಕೆಲ್ಸ್ ಹಸ್ತಪ್ರತಿಯಲ್ಲಿ ಲೂಕನ ವಂಶಾವಳಿಗೆ ಅಲಂಕರಿಸಿದ ಐದು ಪುಟಗಳಿವೆ. ರೋಮಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಮೈಕೆಲ್ಯಾಂಜೆಲೊ (1508–12) ಮತ್ತಾಯನ ಪಟ್ಟಿಯ ಪೂರ್ವಜರನ್ನು ಕಿರೀಟವಿಲ್ಲದ ಸಂಸಾರಸ್ಥರಾಗಿ ಬರೆದಿದ್ದಾನೆ: ಮಗುವನ್ನು ಎತ್ತಿಕೊಂಡ ತಾಯಿ, ದಣಿದು ಕುಳಿತ ಗಂಡಸು.

ದುರ್ಬಳಕೆಯೂ ಕಡಿಮೆಯದಲ್ಲ. ಆದಿಕಾಂಡ 9ರ ಶಾಪ ಬಿದ್ದದ್ದು ಕಾನಾನನ ಮೇಲೆ. ಅದನ್ನು ಹಾಮನ ಸಂತತಿಗೆಲ್ಲ ಹಬ್ಬಿಸಿ ಆಫ್ರಿಕದವರ ಗುಲಾಮಗಿರಿಗೆ ಸಮರ್ಥನೆ ಮಾಡಿಕೊಂಡದ್ದು ಪಾಠಕ್ಕೇ ವಿರುದ್ಧವಾದ ಓದು. 1449ರಲ್ಲಿ ಸ್ಪೇನಿನ ತೊಲೆದೊ ನಗರ ಕ್ರೈಸ್ತರಾಗಿದ್ದ ಯೆಹೂದ್ಯ ಸಂತತಿಯವರನ್ನು ರಕ್ತದ ನೆಪದಲ್ಲಿ ಅಧಿಕಾರಸ್ಥಾನಗಳಿಂದ ಹೊರಗಿಟ್ಟಿತು. ಪೋಪ್ ಐದನೆಯ ನಿಕೋಲಸ್ ಅದೇ ವರ್ಷ ಅದನ್ನು ಖಂಡಿಸಿದರೂ ರಕ್ತಶುದ್ಧಿಯ ಕಟ್ಟಳೆಗಳು ಶತಮಾನಗಳ ಕಾಲ ನಡೆದವು.

ಕರ್ನಾಟಕದಲ್ಲಿ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಮಾಡಿದ ಅನುವಾದದಿಂದ 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡಕ್ಕೆ ಬಂತು. ಕುಲ, ಗೋತ್ರ, ಮೈದುನಧರ್ಮ, ಬಾಧ್ಯತೆ ಮುಂತಾದ ಮನೆಮಾತುಗಳಲ್ಲಿ ಕನ್ನಡ ಬೈಬಲಿನ ವಂಶಾವಳಿಗಳು ನಿಂತಿವೆ. ಇಲ್ಲಿ ಕ್ರೈಸ್ತರಾದವರಿಗೆ ವಂಶದ ಪ್ರಶ್ನೆ ಬರಿಯ ಪಾಠವಾಗಿರಲಿಲ್ಲ. ದೀಕ್ಷಾಸ್ನಾನ ಪಡೆದವನು ಜಾತಿಯನ್ನೂ ಮನೆಯನ್ನೂ ಪಿತ್ರಾರ್ಜಿತ ಆಸ್ತಿಯನ್ನೂ ಕಳೆದುಕೊಳ್ಳುತ್ತಿದ್ದನು. ಮತಾಂತರದಿಂದ ಆಸ್ತಿಯ ಹಕ್ಕು ಹೋಗದಂತೆ ಕಾನೂನು ಬಂದದ್ದು 1850ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹೀಗೆ ಹೊರಬಿದ್ದವರ ಜೀವನಕ್ಕಾಗಿ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ನಡೆಸಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಹೊಸ ಹೆಸರಿನ ಜತೆಗೆ ಕೌಂಡಿನ್ಯ ಎಂಬ ಋಷಿಯ ಹೆಸರನ್ನೂ ಕೊನೆಯವರೆಗೆ ಇಟ್ಟುಕೊಂಡರು. ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಬಾಮಣ, ಚಾರ್ಡೊ, ಸುದಿರ ಎಂಬ ಹಳೆಯ ಭೇದಗಳು ಮದುವೆ ಸಂಬಂಧಗಳಲ್ಲಿ ಬಹುಕಾಲ ಉಳಿದವು. ದೇವರ ಮನೆಯವರು ಎಂಬ ಮಾತನ್ನು ಒಪ್ಪಿದ ಸಮಾಜಗಳಲ್ಲೂ ವಂಶದ ಲೆಕ್ಕ ಬಿಟ್ಟುಹೋಗಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಂದಿನ ಸ್ಥಿತಿ

ಅಧ್ಯಯನದ ಗಮನ ಈಗ ಪಟ್ಟಿಗಳ ಐತಿಹಾಸಿಕ ನಿಖರತೆಯಿಂದ ಅವುಗಳ ಉದ್ದೇಶದ ಕಡೆಗೆ ಹೊರಳಿದೆ. ಮಾರ್ಷಲ್ ಜಾನ್ಸನ್ 1969ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಉತ್ತರ ಇಸ್ರೇಲಿನ ತೇಲ್ ದಾನ್‌ನಲ್ಲಿ 1993ರಲ್ಲಿ ಸಿಕ್ಕ ಕ್ರಿ.ಪೂ. 9ನೆಯ ಶತಮಾನದ ಅರಾಮಿಕ್ ಶಾಸನದಲ್ಲಿ 'ದಾವೀದನ ಮನೆತನ' ಎಂಬ ಪದವನ್ನು ಬಹುತೇಕ ವಿದ್ವಾಂಸರು ಓದಿದ್ದಾರೆ. ಯಾಜಕ ವಂಶದವರೆನ್ನುವ ಯೆಹೂದ್ಯ ಗಂಡಸರಲ್ಲಿ ಸಮಾನ ವೈ ವರ್ಣತಂತು ಲಕ್ಷಣಗಳನ್ನು 1997ರಲ್ಲಿ ವರದಿ ಮಾಡಲಾಯಿತು. ಪಿತೃಪರಂಪರೆ ಹಳೆಯದೆಂಬುದಕ್ಕೆ ಅದು ಬೆಂಬಲ ಕೊಡುತ್ತದೆ, ಯಾಜಕರ ಮೂಲಪುರುಷನೆನ್ನುವ ಆರೋನನನ್ನು ಸಾಬೀತುಪಡಿಸುವುದಿಲ್ಲ. ಅಂತ್ಯದಿನದ ಸಂತರ ಸಭೆ 1894ರಲ್ಲಿ ಯೂಟಾದಲ್ಲಿ ಸ್ಥಾಪಿಸಿದ ವಂಶಾವಳಿ ಸಂಘ ಇಂದು ಜಗತ್ತಿನ ಅತಿ ದೊಡ್ಡ ಕುಟುಂಬ ದಾಖಲೆಗಳ ಭಂಡಾರಗಳಲ್ಲೊಂದಾಗಿ ಬೆಳೆದಿದೆ.

ಸ್ತ್ರೀವಾದಿ ವಿದ್ವಾಂಸರು ಮತ್ತಾಯನ ನಾಲ್ವರು ಸ್ತ್ರೀಯರನ್ನು ಹೊಸದಾಗಿ ಓದಿದ್ದಾರೆ. ಭಾರತದಲ್ಲಿ ದಲಿತ ದೇವತಾಶಾಸ್ತ್ರದ ಆರಂಭವನ್ನು ಗುರುತಿಸುವುದು ಅರವಿಂದ ಪಿ. ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸದಿಂದ. ತಾಮಾರ್ ಮತ್ತು ರಾಹಾಬರ ಹೆಸರುಗಳನ್ನು ಎತ್ತಿ ತೋರಿಸಿ, ಯೇಸು ದಲಿತರೊಂದಿಗೆ ಒಂದಾದವನು ಎಂಬುದಕ್ಕೆ ಅವನ ವಂಶಾವಳಿಯನ್ನೇ ನಿರ್ಮಲ್ ತಮ್ಮ ಬರಹದಲ್ಲಿ ಆಧಾರವಾಗಿಟ್ಟರು.

ಆರಾಧನೆಯಲ್ಲಿ ಮತ್ತಾಯನ ಪಟ್ಟಿಗೆ ಸ್ಥಿರವಾದ ಸ್ಥಾನವಿದೆ. ಪೌರ್ವಾತ್ಯ ಸಂಪ್ರದಾಯದ ಆರ್ಥೊಡಾಕ್ಸ್ ಸಭೆಗಳು ಕ್ರಿಸ್ತಜಯಂತಿಯ ಹಿಂದಿನ ಭಾನುವಾರ ಅದನ್ನು ಓದುತ್ತವೆ. ಕಥೋಲಿಕ ಸಭೆಯಲ್ಲಿ ಡಿಸೆಂಬರ್ 24ರ ಸಂಜೆಯ ಬಲಿಪೂಜೆಯಲ್ಲಿ ಇದರ ಪಠಣವಿದೆ. ಅಂದು ಪಟ್ಟಿಯನ್ನು ಬಿಟ್ಟು ಜನನದ ಭಾಗವನ್ನಷ್ಟೇ ಓದಲು ಅನುಮತಿಯುಂಟು. ಡಿಸೆಂಬರ್ 17ರಂದು ಆ ಅನುಮತಿಯಿಲ್ಲ. ಅಂದಿನ ಶುಭಸಂದೇಶ ಪಾಠವೇ ಆ ಹದಿನೇಳು ವಚನಗಳು. ಅಬ್ರಹಾಮನಿಂದ ಮರಿಯಳವರೆಗೆ ಪ್ರತಿ ಹೆಸರನ್ನೂ, ತಾಮಾರಳದನ್ನೂ ಊರೀಯನದನ್ನೂ, ಸಭೆಯ ಮುಂದೆ ಗಟ್ಟಿಯಾಗಿ ಓದುತ್ತಾರೆ.